ಮರವಿಲ್ಲದ ಗುವಾಮುಚಿಲ್

ಫೆಬ್ರವರಿ 24, ಮಂಗಳವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ. ಮೈಕಿನಲ್ಲಿ ಹೇಳಬಹುದಾದದ್ದನ್ನೆಲ್ಲ ಊರಿಗೆ ಹೇಳಿ ಮುಗಿಸಿದೆ. ಹೇಳಲಾಗದ್ದು ಈ ಪುಸ್ತಕಕ್ಕೆ. ಮುಂಚೆ ಇಂಥದ್ದನ್ನೆಲ್ಲ ಕೇಳಿಸಿಕೊಳ್ಳುವುದಕ್ಕೆ ಒಬ್ಬಳಿದ್ದಳು. ಇರಲಿ, ಆ ಮಾತು ಈಗ ಯಾಕೆ.

ಬೆಳಿಗ್ಗೆ ಮುನಿಸಿಪಾಲಿಟಿಯ ಕಾರ್ಯದರ್ಶಿ ಬಂದ. ಇಸ್ತ್ರಿ ಹಾಕಿದ ಅಂಗಿ, ಧೂಳೇ ಕಾಣದ ಬೂಟು. ನಮ್ಮ ಊರ ಮುಖಂಡ ಒದಿಲೋನ್ ಏದುಸಿರು ಬಿಡುತ್ತ ನನ್ನ ಮನೆಗೆ ಓಡಿಬಂದು, "ದೋನ್ಯಾ ಒಬ್ದುಲಿಯಾ, ಬೇಗ ಕೂಗಿ ಎಲ್ಲರನ್ನೂ ಕರೀರಿ" ಎಂದ. ಅವಸರದಲ್ಲೂ 'ದೋನ್ಯಾ' ಎನ್ನುವ ಮರ್ಯಾದೆ ಬಿಡಲಿಲ್ಲ. ನನ್ನ ಮಾಳಿಗೆಯ ಮೇಲಿರುವ ಧ್ವನಿವರ್ಧಕವೇ ಈ ಊರಿನ ಬಾಯಿ. ಯಾರ ಮನೆಯಲ್ಲಿ ಹಂದಿ ಕಡಿದರೂ, ಯಾರ ಕತ್ತೆ ಕಳೆದರೂ, ಯಾರಿಗೆ ಮಗು ಹುಟ್ಟಿದರೂ ಸುದ್ದಿ ನನ್ನ ಗಂಟಲಿನಿಂದಲೇ ಹೊರಡಬೇಕು. ಕರೆದೆ. ಜನ ಚೌಕದಲ್ಲಿ ಸೇರಿದರು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ನಿಮ್ಮೂರಿಗೆ ಡಾಂಬರು ರಸ್ತೆ ಬಂತಲ್ಲ, ಅದಕ್ಕೆ ಓಡಾಡಿದವರು ದಿವಂಗತ ವಕೀಲ ಅನಾಕ್ಲೆತೋ ಬರ್ರಗಾನ್ ಅವರು. ಅವರ ಗೌರವಕ್ಕೆ ಇನ್ಮೇಲೆ ಈ ಊರು ವಿಯ್ಯಾ ಅನಾಕ್ಲೆತೋ ಬರ್ರಗಾನ್, ಅಂದ್ರೆ ಅನಾಕ್ಲೆತೋ ಬರ್ರಗಾನ್ ಪಟ್ಟಣ. ಫಲಕಾನೂ ಬರೆಸಿ ಆಗಿದೆ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ಮೂರಿಗೆ ಹೆಸರಿದೆ ಸ್ವಾಮಿ. ಎಲ್ ಗುವಾಮುಚಿಲ್. ನಿಮ್ಮಜ್ಜ ತೊಟ್ಟಿಲಲ್ಲಿದ್ದಾಗಲೂ ಅದೇ ಇತ್ತು" ಎಂದೆ.

"ಇತ್ತು ತಾಯಿ, ಯಾರು ಇಲ್ಲ ಅಂದ್ರು? ಆದ್ರೆ ಗುವಾಮುಚಿಲ್ ಎಲ್ಲಿ? ಮರದ ಹೆಸರಿಟ್ಕೊಂಡಿದೀರಿ, ಊರೊಳಗೆ ಒಂದೇ ಒಂದು ಮರ ತೋರಿಸಿ ನೋಡೋಣ."

ಊರ ಬಾಗಿಲಿನಲ್ಲಿದ್ದ ಮರಗಳು ಅವರ ರಸ್ತೆಗೇ ಬಲಿಯಾದವು. ಇನ್ನೊಂದು ಎಲ್ಲಿ ಹೋಯಿತು ಎನ್ನುವುದು ಎಲ್ಲರಿಗೂ ಗೊತ್ತು. ಹಲವರು ಕಳ್ಳಗಣ್ಣಿನಿಂದ ಮೂಲೆಮನೆಯ ಕಡೆಗೇ ನೋಡಿದರು. ನನಗೆ ಅಳು ಬರುವಂತಾಯಿತು, ಆದರೆ ಬಾಯಿ ಸುಮ್ಮನಿರಲಿಲ್ಲ. "ತೋರಿಸಿದ್ರೆ?" ಎಂದುಬಿಟ್ಟೆ.

"ತೋರಿಸಿದ್ರೆ ಫಲಕ ವಾಪಸ್. ಪವಿತ್ರ ಶಿಲುಬೆ ಹಬ್ಬದ ದಿನ ಬರ್ತೀನಿ. ಊರೊಳಗೆ ಬೇರು ಬಿಟ್ಟು ನಿಂತ ಜೀವಂತ ಮರ ಇರಬೇಕು. ಕುಂಡದಲ್ಲಿರೋದು ನಡಿಯಲ್ಲ."

ಅವನ ಕಾರು ಚೌಕ ದಾಟುವ ಮೊದಲೇ ಆ ಮಾತನ್ನು ಮೈಕಿನಲ್ಲಿ ಮೂರು ಸಲ ಹೇಳಿದೆ. ಇನ್ನು ಅವನು ನುಣುಚಿಕೊಳ್ಳಲಾರ. ಮೇ ಮೂರು! ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ.

ಫೆಬ್ರವರಿ 26, ಗುರುವಾರ

ಆ ಮರ ಮೂಲೆಮನೆಯ ಹಿತ್ತಿಲಿನಲ್ಲಿತ್ತು. ಅಮ್ಮ ಅದರ ನೆರಳಿನಲ್ಲೇ ಕೂತು ಮೆಕ್ಕೆಜೋಳ ಬಿಡಿಸುತ್ತಿದ್ದಳು. ನಾವಿಬ್ಬರೂ, ಎಂದರೆ ನಾನು ಮತ್ತು ಈಗ ಆ ಮನೆಯಲ್ಲಿರುವವಳು, ಕೊಕ್ಕೆಕೋಲಿನಲ್ಲಿ ಕಾಯಿ ಎಳೆಯುತ್ತಿದ್ದೆವು. ಸುರುಳಿ ಸುತ್ತಿದ ಕಾಯಿ. ಬಿಡಿಸಿದರೆ ಗುಲಾಬಿ ಮೆತ್ತಿದ ಬಿಳಿ ತಿರುಳು, ಒಳಗೆ ಮಿರಿಮಿರಿ ಕರಿ ಬೀಜ. ಸಿಹಿ, ಒಗರು ಎರಡೂ ಸೇರಿ ಗಂಟಲು ಹಿಡಿಯುತ್ತಿತ್ತು. ಆದರೂ ನಿಲ್ಲಿಸಲು ಮನಸ್ಸಾಗುತ್ತಿರಲಿಲ್ಲ.

ಏಳು ವರ್ಷದ ಹಿಂದೆ ಕಣ್ಣಿನ ಆಪರೇಷನ್ನಿಗೆ ಶಹರಕ್ಕೆ ಹೋಗಿದ್ದೆ. ವಾಪಸ್ಸು ಬಂದು ಬಸ್ಸಿಳಿದು ನೋಡುತ್ತೇನೆ, ಆ ಮೂಲೆಯಲ್ಲಿ ಬರೀ ಆಕಾಶ. ಅಯ್ಯೋ, ಆಪರೇಷನ್ ಕೆಟ್ಟಿತು ಎಂದುಕೊಂಡೆ. ಕೆಟ್ಟಿದ್ದು ಕಣ್ಣಲ್ಲ. ಅವಳ ಗಂಡ ನಬೋರ್ ಮರ ಕಡಿದು ಸೌದೆ ಮಾಡಿ ಜೋಡಿಸಿಟ್ಟಿದ್ದ. ಗಾಳಿಗೆ ಕೊಂಬೆ ಮುರಿದು ಮೊಮ್ಮಗು ಮಲಗಿದ್ದ ಕೋಣೆಯ ಮೇಲೆ ಬಿತ್ತಂತೆ. ಕೊಂಬೆ ಬಿದ್ದರೆ ಕೊಂಬೆ ಕಡಿಯಬೇಕು, ಮರ ಯಾಕೆ? ನನ್ನನ್ನು ಒಂದು ಮಾತು ಕೇಳಬೇಡವೆ? ಅದು ನನ್ನ ಅಮ್ಮನ ಮರವೂ ಹೌದಲ್ಲ!

ಅವತ್ತೇ ಮೈಕಿನಲ್ಲಿ ಹೇಳಿದೆ: "ಮರ ಕೊಂದವನು ನಬೋರ್. ಆ ಮನೆ ಹೊಸ್ತಿಲು ತುಳಿದವರು, ಆ ಮನೆಯಿಂದ ಒಂದು ಹರಳು ಉಪ್ಪು ತಂದವರು ನನ್ನ ಮೈಕಿನ ಹತ್ತಿರ ಸುಳೀಬೇಡಿ." ಆ ಕಡೆಯ ಕಿಟಕಿಗೆ ಹಲಗೆ ಹೊಡೆಸಿದೆ. ಚರ್ಚಿಗೂ ಸುತ್ತುದಾರಿಯಲ್ಲಿ ಹೋಗುತ್ತೇನೆ, ಬಸ್ಸಿಳಿದರೂ ಆ ಮೂಲೆಯತ್ತ ಕಣ್ಣೆತ್ತುವುದಿಲ್ಲ. ಅಂದಿನಿಂದ ಇಂದಿನವರೆಗೆ ನನ್ನೆದುರು ಒಬ್ಬರೂ ಆ ಮನೆಯ ಸುದ್ದಿ ಎತ್ತಿಲ್ಲ. ನನ್ನ ಮಾತಿಗೆ ಊರಿನಲ್ಲಿ ಅಷ್ಟು ಬೆಲೆ ಇದೆ.

ಮಾರ್ಚ್ 5, ಗುರುವಾರ

ಮೈಕಿನ ತಂತಿ ತರಲು ಪಟ್ಟಣಕ್ಕೆ ಹೋಗಿದ್ದೆ. ಎಷ್ಟು ವರ್ಷದಿಂದ ಅದೇ ಬಸ್ಸು ಹತ್ತಿದ್ದೇನೆ, ಇವತ್ತೇ ಮೊದಲ ಸಲ ಕಿವಿಗೊಟ್ಟು ಕೇಳಿದ್ದು. ಕಂಡಕ್ಟರ್ ಕೂಗುತ್ತಾನೆ: "ಎಲ್ ಸಪೋತೆ! ಎಲ್ ಗುವಾಯಾಬೋ! ಲಾ ಪಪಾಯಾ! ಎಲ್ ನೊಪಾಲ್! ಎಲ್ ಗುವಾಮುಚಿಲ್!" ಸಪೋಟಕ್ಕೊಂದು ಊರು, ಸೀಬೆಗೊಂದು, ಪರಂಗಿಗೊಂದು, ಪಾಪಸುಕಳ್ಳಿಗೂ ಒಂದು. ಬಸ್ಸಲ್ಲ ಅದು, ಹಣ್ಣಿನ ಬುಟ್ಟಿ! ಮರ ಇಲ್ಲಿಯದು, ಮರವನ್ನು ಕರೆಯುವ ಮಾತೂ ಇಲ್ಲಿಯದು. ಸ್ಪೇನಿನವರು ಬಂದು ಮುಂದೆ ಒಂದು 'ಎಲ್' ಅಥವಾ 'ಲಾ' ಎಂಬ ಟೋಪಿ ಇಟ್ಟರು, ಅಷ್ಟೇ. ನಮ್ಮ ಅಜ್ಜಿಯಂದಿರು ಟೋಪಿ ಬೇಡ ಎನ್ನಲಿಲ್ಲ, ತಲೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಕಂಡಕ್ಟರಿಗೆ ಹೊಸ ಹೆಸರಿನ ಸುದ್ದಿ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಷ್ಟುದ್ದ ಹೆಸರು ಕೂಗಿ ಮುಗಿಸೋಷ್ಟರಲ್ಲಿ ಬಸ್ಸು ಮುಂದಿನ ಊರು ಸೇರಿರತ್ತೆ ದೋನ್ಯಾ. ನೀವು ಅಲ್ಲಿಂದ ನಡ್ಕೊಂಡು ಬರಬೇಕಾಗತ್ತೆ."

ನಡೆದೇ ಬರುತ್ತೇನೆ ಬೇಕಾದರೆ. ಆದರೆ ಆ ಹೆಸರಿನ ಊರಿಗೆ ಅಲ್ಲ.

ಮಾರ್ಚ್ 8, ಭಾನುವಾರ

ಗಿಡ ಬಂತು! ಗಿಡ ಬಂತು!

ಊರಿನ ಗಂಡಸರೆಲ್ಲ ಕೂಲಿಯಿಲ್ಲದ ಊರಕೆಲಸವೆಂದು ಹಾರೆ ಗುದ್ದಲಿ ಹಿಡಿದು ಕಣಿವೆಗೆ ಇಳಿದರು. ಆಳೆತ್ತರದ ಗುವಾಮುಚಿಲ್ ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು, ತಾಡಪಾಲಿನಲ್ಲಿ ಸುತ್ತಿ, ಹೆಗಲ ಮೇಲೆ ತಂದರು. ಮುಂದೆ ಎರಡು ತುತ್ತೂರಿ, ಒಂದು ಡೋಲು. ಒದಿಲೋನನ ತೋಳೆಲ್ಲ ಮುಳ್ಳು ಗೀಚಿ ರಕ್ತ, ಆದರೂ ಮುಖದಲ್ಲಿ ಮದುಮಗನ ಕಳೆ. ಚೌಕದ ನಟ್ಟನಡುವೆ ನೆಟ್ಟೆವು. ಮೈಕಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿದೆ.

ಹಿಟ್ಟಿನ ಗಿರಣಿಯ ಚೋನಾ, ನನ್ನ ಗೆಳತಿ, ಪಕ್ಕದಲ್ಲಿ ನಿಂತು, "ಇಷ್ಟೆಲ್ಲ ಒದ್ದಾಟ ಯಾಕೆ ಒಬ್ದುಲಿಯಾ, ನಮ್ಮೂರಲ್ಲೇ..." ಎಂದಳು. ಒದಿಲೋನ್ ಅವಳ ಕಾಲು ತುಳಿದ.

"ನಮ್ಮೂರಲ್ಲೇ ಏನೇ?"

"ನಮ್ಮೂರಲ್ಲೇ... ಇಷ್ಟು ಗಟ್ಟಿ ಗಂಡಸರಿದಾರಲ್ಲ, ಒದ್ದಾಡಲಿ ಬಿಡು ಅಂದೆ."

ಚೋನಾಗೆ ವಯಸ್ಸಾಯಿತು. ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತಾಳೆ.

ಮಾರ್ಚ್ 12, ಗುರುವಾರ

ಚೋನಾ ಪ್ರತಿವರ್ಷದಂತೆ ಎಲ್ ಸಪೋತೆಯ ಸಂತೆಯಿಂದ ಒಂದು ಚೀಲ ಗುವಾಮುಚಿಲ್ ತಂದುಕೊಟ್ಟಳು. ಈ ಸಲದ ಮೊದಲ ಕಾಯಿ. ಒಂದು ಬಾಯಿಗಿಟ್ಟೆ, ಅಮ್ಮನ ಸೆರಗಿನಿಂದ ಕದ್ದು ತಿಂದಷ್ಟೇ ರುಚಿ! ನಮ್ಮ ಮರದ್ದರ ಮುಂದೆ ಇದು ಏನೂ ಅಲ್ಲ, ಅದು ಬೇರೆ ವಿಷಯ. ಆದರೂ ಅರ್ಧ ಚೀಲ ಒಬ್ಬಳೇ ಖಾಲಿ ಮಾಡಿದೆ.

"ಸಂತೇಲಿ ಯಾರ ಹತ್ರ ಕೊಂಡೆ? ಬೀಜ ಇಟ್ಕೋಬೇಕು" ಎಂದರೆ ಚೋನಾ, "ಒಬ್ಬ ಹೆಂಗಸು ಕಣೇ. ಮಾತು ಕಡಿಮೆ ಅವಳದ್ದು" ಎಂದು ಎದ್ದು ಹೋದಳು.

ಮಾರ್ಚ್ 20, ಶುಕ್ರವಾರ

ಹೊಸ ಚಿಗುರು! ಕೆಂಪುಗಂದು ಬಣ್ಣದ್ದು, ಮಗುವಿನ ಉಗುರಿನಷ್ಟು. ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮೈಕು ಹಿಡಿದೆ. "ಎಲ್ ಗುವಾಮುಚಿಲ್ ಜನರೇ, ಎದ್ದೇಳಿ! ನಮ್ಮ ಮರ ಬದುಕಿತು! ಬಿಸಿಲು ಜೋರಾಗ್ತಿದೆ, ಪ್ರತಿ ಮನೆಯಿಂದ ಒಂದು ಬಕೆಟ್ ನೀರು ತನ್ನಿ. ತಂದವರ ಹೆಸರನ್ನ ಮೈಕಿನಲ್ಲಿ ಹೇಳ್ತೀನಿ."

ಸಂಜೆಯೊಳಗೆ ಚೌಕದಲ್ಲಿ ಕಾಲಿಡಲು ಜಾಗವಿಲ್ಲ. ಬಕೆಟ್ಟು, ಕೊಡ, ಡಬ್ಬಿ, ಒಬ್ಬಳಂತೂ ಅನ್ನದ ಪಾತ್ರೆಯಲ್ಲಿ ತಂದಳು. ಎಲ್ಲರ ಹೆಸರನ್ನೂ ಓದಿದೆ. ಒಂದು ಕೊಡ ಯಾರದ್ದೆಂದು ಯಾರೂ ಹೇಳಲಿಲ್ಲ. ಕಂಠದಲ್ಲಿ ನೀಲಿ ಪಟ್ಟೆ ಇದ್ದ ಮಣ್ಣಿನ ಕೊಡ. ನಮ್ಮ ಅಮ್ಮನ ಹತ್ತಿರ ಅಂಥದ್ದೇ ಇತ್ತು. ಅಮ್ಮನ ಪಾತ್ರೆಗಳೆಲ್ಲ ಯಾರ ಪಾಲಿಗೆ ಹೋದವು ಎಂದು ನನಗೆ ಗೊತ್ತು. ಹೆಸರು ಓದಲಿಲ್ಲ. ಕೊಡವನ್ನು ಒದ್ದು ಉರುಳಿಸಲೂ ಇಲ್ಲ. ನೀರು ನೀರೇ ತಾನೇ.

ಮಾರ್ಚ್ 29, ಗರಿಗಳ ಭಾನುವಾರ

ಚರ್ಚಿನಲ್ಲಿ ಗರಿ ಹಿಡಿದು ನಿಂತಿದ್ದಾಗ ಹಿಂದಿನ ಸಾಲಿನಿಂದ ಕೆಮ್ಮು ಕೇಳಿತು. ತಿರುಗಿ ನೋಡಲಿಲ್ಲ. ಆ ಕೆಮ್ಮು ನನಗೆ ಗೊತ್ತು. ಚಿಕ್ಕಂದಿನಲ್ಲಿ ಒಂದೇ ಚಾಪೆಯಲ್ಲಿ ಮಲಗಿ ಕೇಳಿದ ಕೆಮ್ಮು. ಎದೆಗೆ ಹಂದಿಕೊಬ್ಬು ಬಿಸಿ ಮಾಡಿ ಹಚ್ಚಿದರೆ ಕಡಿಮೆಯಾಗುತ್ತದೆ. ಯಾರಾದರೂ ಅವಳಿಗೆ ಹೇಳಿದರೆ ಒಳ್ಳೆಯದು. ನಾನಂತೂ ಹೇಳುವವಳಲ್ಲ.

ಪ್ರಾರ್ಥನೆ ಮುಗಿದಾಗ ಬೆಂಚುಗಳ ಕೆಳಗೆಲ್ಲ ಗುವಾಮುಚಿಲ್ ಬೀಜ. ದೇವರೆದುರಿಗೂ ತಿನ್ನುತ್ತಾರೆ ಈ ಜನ! ಇಷ್ಟೊಂದು ಜನ ಎಲ್ ಸಪೋತೆಯ ಸಂತೆಗೆ ಯಾವಾಗ ಹೋಗುತ್ತಾರೋ.

ಏಪ್ರಿಲ್ 7, ಮಂಗಳವಾರ

ನಬೋರನ ಕತ್ತೆ ಕಳೆದಿದೆಯಂತೆ. ಚೋನಾ ಗಿರಣಿಯಲ್ಲಿ ಇನ್ಯಾರಿಗೋ ಹೇಳುತ್ತಿದ್ದಳು, ನನ್ನ ಕಿವಿಗೂ ಬಿತ್ತು. ಯಾರೂ ನನ್ನ ಹತ್ತಿರ ಬಂದು ಕೇಳಲಿಲ್ಲ. ಆದರೂ ಮಧ್ಯಾಹ್ನ ಮೈಕಿನಲ್ಲಿ ಹೇಳಿದೆ: "ಬೂದು ಬಣ್ಣದ ಕತ್ತೆ, ಎಡಗಿವಿ ಹರಿದಿದೆ, ಸಿಕ್ಕಿದವರು ಅದರ ಮನೆಗೆ ಮುಟ್ಟಿಸಿ." ಮಾಲೀಕನ ಹೆಸರು ಹೇಳಲಿಲ್ಲ. ಕತ್ತೆ ಏನು ಪಾಪ ಮಾಡಿದೆ?

ಸಂಜೆಗೆ ಸಿಕ್ಕಿತು. ಕತ್ತೆಗಾಗಿ ಸಂತೋಷವಾಯಿತು.

ಏಪ್ರಿಲ್ 13, ಸೋಮವಾರ

ಎಲೆ ಹಳದಿಯಾಗುತ್ತಿದೆ. ನೀರು ಸಾಲದೆ? ಇನ್ನೂ ಹಾಕಿ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೂಗಿದೆ. ಜನ ಪಾಪ, ಓಡೋಡಿ ಬಂದರು.

ಏಪ್ರಿಲ್ 15, ಬುಧವಾರ

ಅಯ್ಯೋ ನಮ್ಮ ಬುದ್ಧಿಗೆ ಬೆಂಕಿ ಬೀಳ!

ಬುಡದ ಮಣ್ಣು ಕೆದಕಿ ನೋಡಿದೆ. ಬೆಳ್ಳಗೆ, ಗಾರೆ ಕಲಸಿದ ಹಾಗೆ. ಮೂಗಿಗೆ ಹಿಡಿದರೆ ಅಡುಗೆಮನೆಯ ವಾಸನೆ. ಮೈಕಿನಲ್ಲಿ ಹೆಂಗಸರನ್ನೆಲ್ಲ ಕರೆಸಿ ಕೇಳಿದೆ, "ಮರಕ್ಕೆ ಏನು ಹಾಕಿದ್ರಿ? ನಿಜ ಹೇಳಿ."

"ನೀರೇ ಹಾಕಿದ್ದು."

"ಎಂಥ ನೀರು?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಚೋನಾ ಬಾಯಿಬಿಟ್ಟಳು. "ಬರೀ ನೀರು ಹಾಕಿದ್ರೆ ಶಕ್ತಿ ಎಲ್ಲಿಂದ ಬರತ್ತೆ ಅಂತ ಜೋಳ ಬೇಯಿಸಿದ ನೀರು ಹಾಕ್ದೆ. ಶಿಲುಬೆ ಸ್ವಾಮಿಗೆ ಹರಕೆ ಹೊತ್ತಿದ್ದೆ ಕಣೇ. ಗುಟ್ಟಾಗಿ ಮಾಡಿದ್ರೇ ಹರಕೆ ಫಲಿಸೋದು ಅಂತ ಯಾರಿಗೂ ಹೇಳ್ಲಿಲ್ಲ."

"ನಾನೂ ಅದನ್ನೇ ಹಾಕಿದ್ದು!" ಎಂದಳು ಇನ್ನೊಬ್ಬಳು. "ನಾನೂನೂ!" "ಅಯ್ಯೋ, ನೀನೂನಾ?"

ರೊಟ್ಟಿಗೆ ಮೆಕ್ಕೆಜೋಳ ಬೇಯಿಸುವಾಗ ಸಿಪ್ಪೆ ಬಿಡಲೆಂದು ನಾವು ಸುಣ್ಣ ಹಾಕುತ್ತೇವೆ. ಮನೆಮನೆಯ ಸುಣ್ಣದ ನೀರೆಲ್ಲ ಒಂದೇ ಗಿಡದ ಬುಡಕ್ಕೆ, ದಿನಾ ಬೆಳಿಗ್ಗೆ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ! ಒಣನೆಲದ ಗಿಡವನ್ನು ಸುಣ್ಣದಲ್ಲಿ ಸ್ನಾನ ಮಾಡಿಸಿದ್ದೇವೆ. ಬೈಯಲು ಬಾಯಿ ತೆರೆದೆ, ನಗು ಬಂತು, ಆಮೇಲೆ ಅಳು ಬಂತು. ಯಾಕೆಂದರೆ ನಾನೂ ಹಾಕಿದ್ದೆ. ನನ್ನದೂ ಹರಕೆಯೇ.

ಏಪ್ರಿಲ್ 20, ಸೋಮವಾರ

ಸತ್ತಿತು. ಇವತ್ತು ಮೈಕು ಮುಟ್ಟಲಿಲ್ಲ.

ಏಪ್ರಿಲ್ 21, ಮಂಗಳವಾರ

ಏನಾಯಿತೆಂದರೆ, ಸೆಕೆ. ಒಳಗೆ ಉಸಿರು ಕಟ್ಟುವಂಥ ಸೆಕೆ. ಆ ಕಡೆಯ ಕಿಟಕಿಯ ಹಲಗೆ ತೆಗೆದರೆ ಸ್ವಲ್ಪ ಗಾಳಿಯಾದರೂ ಬರುತ್ತದೆ ಎನ್ನಿಸಿತು. ಮತ್ತೆ, ಎರಡು ಭಾನುವಾರದಿಂದ ಚರ್ಚಿನಲ್ಲಿ ಆ ಕೆಮ್ಮು ಕೇಳಿಸಿರಲಿಲ್ಲ. ಒಲೆಯ ಹೊಗೆ ಏಳುತ್ತಿದೆಯೋ ಇಲ್ಲವೋ ಎಂದು ನೋಡಿದರೆ ತಪ್ಪೇನಿಲ್ಲ. ಆದರೆ ಮುಖ್ಯವಾಗಿ ಸೆಕೆಗೇ. ಸುತ್ತಿಗೆ ತಂದು ಮೊಳೆ ಕಿತ್ತೆ.

ಹೊಗೆ ಏಳುತ್ತಿತ್ತು. ಹೊಗೆಯ ಹಿಂದೆ ಗುವಾಮುಚಿಲ್ ನಿಂತಿತ್ತು!

ಕಣ್ಣುಜ್ಜಿಕೊಂಡೆ. ಈ ಸಲ ನಿಜವಾಗಿ ಆಪರೇಷನ್ ಕೆಟ್ಟಿತು ಎಂದುಕೊಂಡೆ. ಹಿತ್ತಿಲ ಗೋಡೆಗಿಂತ ಎತ್ತರ, ಒಂದೇ ಬುಡದಿಂದ ನಾಲ್ಕೈದು ಕಾಂಡ, ಮೈತುಂಬ ಕೆಂಪು ಸುರುಳಿ ಕಾಯಿ, ಕಚ್ಚಾಡುತ್ತಿರುವ ಗಿಣಿಗಳು! ಚಪ್ಪಲಿ ಹಾಕಿಕೊಳ್ಳದೆ ಗಿರಣಿಗೆ ಓಡಿದೆ.

"ಚೋನಾ! ಮೂಲೆಮನೇಲಿ ಮರ ಇದೆ!"

ಗಿರಣಿಯಲ್ಲಿದ್ದ ಹೆಂಗಸರೆಲ್ಲ ಹಿಟ್ಟಿನ ಬುಟ್ಟಿಯೊಳಗೆ ಮುಖ ಹುದುಗಿಸಿದರು. ಚೋನಾ ಯಂತ್ರ ನಿಲ್ಲಿಸಿದಳು. "ಗೊತ್ತು ಕಣೇ."

"ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ. ಕಡಿದ ಬೊಡ್ಡೆ ಆ ವರ್ಷದ ಮಳೆಗೇ ಚಿಗುರಿತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋ ಹಾಗೆ ಇಟ್ಟಿದ್ದೀಯಾ ನಮ್ಮನ್ನ? ಆ ಮನೆ ಹೆಸರೆತ್ತಿದ್ರೆ ಮೈಕಿಲ್ಲ ಅಂದೆ. ನನ್ನ ಮಗಳ ಮದುವೆ ಕರೆಯೋಲೆ ನಿನ್ನ ಮೈಕಲ್ಲಿ ಹೋಗಬೇಕಿತ್ತು, ಇವಳ ಹಂದಿಮಾಂಸ ನಿನ್ನ ಮೈಕಲ್ಲಿ ಮಾರಾಟ ಆಗಬೇಕು. ಇನ್ನು ಕಣಿವೆಯಿಂದ ಗಿಡ ತರೋಣ ಅಂತ ನೀನು ಆ ಪಾಟಿ ಕುಣೀತಿದ್ದಾಗ, ಇದೂ ಗುವಾಮುಚಿಲ್ಲೇ ತಾನೆ, ನಡೆಯತ್ತೆ ಅಂತ ಸುಮ್ಮನಾದ್ವಿ. ಸುಣ್ಣ ಕುಡಿಸಿ ಸಾಯಿಸ್ತೀವಿ ಅಂತ ಯಾರಿಗೆ ಗೊತ್ತಿತ್ತು?"

ನಾನು ಹಿಟ್ಟಿನ ಮೂಟೆಯ ಮೇಲೆ ಕೂತೆ. ಚೋನಾ ಹತ್ತಿರ ಬಂದು ದನಿ ತಗ್ಗಿಸಿದಳು. "ಇನ್ನೊಂದು ಮಾತು ಹೇಳ್ತೀನಿ, ಬೇಕಾದ್ರೆ ಹೊಡಿ. ನಿನಗೆ ವರ್ಷಾ ವರ್ಷಾ ತಂದುಕೊಡೋ ಕಾಯಿ ಸಂತೇದಲ್ಲ. ಡೆಲ್ಫಿನಾ ಕೊಡೋದು. ಮೊದಲನೇ ಕೊಯ್ಲು ಅಕ್ಕನಿಗೆ ಅಂತ. ಅವಳ ಹೆಸರು ಹೇಳಿದ್ರೆ ನೀನು ಹಂದಿಗೆ ಸುರೀತೀಯ ಅಂತ ಸಂತೆ ಹೆಸರು ಹೇಳ್ದೆ."

ಒಬ್ಬಳು ಹೆಂಗಸು, ಮಾತು ಕಡಿಮೆ ಅವಳದ್ದು.

ಊರಿನ ಸುದ್ದಿಯನ್ನೆಲ್ಲ ಊರಿಗೆ ಹೇಳುವವಳು ನಾನು. ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಏಪ್ರಿಲ್ 22, ಬುಧವಾರ

ಒದಿಲೋನ್ ನಬೋರನನ್ನು ಮಾತನಾಡಿಸಿ ಬಂದ. ನಬೋರ್ ಹೇಳಿದ್ದಿಷ್ಟು: "ಏಳು ವರ್ಷದಿಂದ ನಾನು ಮರ ಕೊಂದೋನು. ಈಗ ಹೆಸರು ಉಳಿಸೋಕೆ ಕೊಂದ ಮರಾನೇ ಬೇಕಾಯ್ತಾ? ಯಾವ ಮೈಕಲ್ಲಿ ಅಂದಳೋ ಅದೇ ಮೈಕಲ್ಲಿ ಅಲ್ಲ ಅನ್ನಲಿ. ಅಲ್ಲೀತನಕ ಕಾರ್ಯದರ್ಶಿ ಬಂದ್ರೂ ಬಾಗಿಲು ತೆಗಿಯಲ್ಲ."

ಆಗುವುದಿಲ್ಲ. ಸತ್ತರೂ ಆಗುವುದಿಲ್ಲ. ಕಡಿದದ್ದು ಸುಳ್ಳೆ?

ಏಪ್ರಿಲ್ 23, ಗುರುವಾರ

ಕಿಟಕಿಯಲ್ಲಿ ಕೂತಿದ್ದೆ. ಡೆಲ್ಫಿನಾ ಹಿತ್ತಿಲಿಗೆ ಬಂದಳು. ಕೊಕ್ಕೆಕೋಲಿನಲ್ಲಿ ಕಾಯಿ ಎಳೆಯುತ್ತಾಳೆ, ಎರಡು ಎಳೆದು ಕೆಮ್ಮುತ್ತಾಳೆ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ. ಕೂದಲೆಲ್ಲ ಬೆಳ್ಳಗಾಗಿದೆ. ಯಾವಾಗ ಆಯಿತು? ಕೋಲು ಹಿಡಿಯುವುದನ್ನು ಇನ್ನೂ ಕಲಿತಿಲ್ಲ, ಚಿಕ್ಕಂದಿನ ಹಾಗೇ ತಲೆಕೆಳಗೆ ಹಿಡಿಯುತ್ತಾಳೆ. ಕೂಗಿ ಹೇಳೋಣ ಎನ್ನಿಸಿತು.

ಏಪ್ರಿಲ್ 24, ಶುಕ್ರವಾರ

ಎಲ್ಲಿಂದ ಶುರು ಮಾಡಲಿ?

ಬೆಳಿಗ್ಗೆ ಮೈಕು ಹಾಕಿದೆ. ಒಂದೇ ಒಂದು ಸಾಲು ಹೇಳಿ ಆರಿಸಿಬಿಡುವುದೆಂದು ನಿಶ್ಚಯ ಮಾಡಿದ್ದೆ. ಊರಿಗಾಗಿ, ಹೆಸರಿಗಾಗಿ, ಅಷ್ಟೇ. "ಗಮನಿಸಿ. ನಬೋರ್ ಮರ ಕೊಂದವನಲ್ಲ. ಮರ ಬದುಕಿದೆ. ಅವತ್ತು ನಾನು ಹೇಳಿದ್ದು ತಪ್ಪು." ಹೇಳಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆರಳು ಗುಂಡಿಯ ಮೇಲೇ ಉಳಿಯಿತು, ಬಾಯಿ ತನ್ನ ಪಾಡಿಗೆ ತಾನು ಹೊರಟಿತು. ದಿನಾ ಹೇಳಿ ಹೇಳಿ ಅಭ್ಯಾಸವಾದ ಬಾಯಿ.

"ಇನ್ನೊಂದು ಪ್ರಕಟಣೆ. ಒಬ್ಬಳು ತಂಗಿ ಕಳೆದಿದ್ದಾಳೆ. ಕೂದಲು ಬೆಳ್ಳಗಾಗಿದೆ, ಒಣಕೆಮ್ಮು ಇದೆ, ಕೊಕ್ಕೆಕೋಲನ್ನ ತಲೆಕೆಳಗೆ ಹಿಡೀತಾಳೆ. ಕಳೆದು ಏಳು ವರ್ಷ ಆಯ್ತು. ಕಳಕೊಂಡೋಳು ನಾನು. ಕೊಟ್ಟ ಕಾಯೆಲ್ಲ ತಿಂದಿದೀನಿ, ಒಂದನ್ನೂ ಹಂದಿಗೆ ಹಾಕಿಲ್ಲ..."

ಕೆಳಗೆ ಬೀದಿಯಲ್ಲಿ ಕಿರುಚಿದ್ದು ಕೇಳಿಸಿತು. "ಅಕ್ಕಾ! ಮೈಕ್ ಆರಿಸೇ! ಊರೆಲ್ಲ ಕೇಳ್ತಿದೆ, ಮಾನ ಹೋಗ್ತಿದೆ!"

ಕಿಟಕಿಯಿಂದ ಬಗ್ಗಿದರೆ ಡೆಲ್ಫಿ! ಹಿಟ್ಟಿನ ಕೈ, ಒಂದೇ ಕಾಲಿನಲ್ಲಿ ಚಪ್ಪಲಿ, ಕಣ್ಣಿನಿಂದ ನೀರು ಸುರಿಯುತ್ತಿದೆ, ಬಾಯಿಯಿಂದ ಬೈಗುಳ ಸುರಿಯುತ್ತಿದೆ. "ಕೋಲು ನಾನು ಸರಿಯಾಗೇ ಹಿಡಿಯೋದು! ನೀನೇ ತಲೆಕೆಳಗೆ ಹಿಡೀತಿದ್ದಿದ್ದು!"

"ಸುಳ್ಳಿ! ಅಮ್ಮನ್ನ ಕೇಳು ಬೇಕಾದ್ರೆ!" ಎಂದೆ. ಅಮ್ಮ ಸತ್ತು ಇಪ್ಪತ್ತು ವರ್ಷವಾಗಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೈಕು ಇನ್ನೂ ಆರಿಸಿರಲಿಲ್ಲವೆಂದು ಆಮೇಲೆ ಒದಿಲೋನ್ ಹೇಳಿದ.

ಸಂಜೆ ಆ ಹಿತ್ತಿಲಿಗೆ ಹೋದೆ. ಹಳೆಯ ಬೊಡ್ಡೆ ಹಾಗೇ ಇದೆ, ಕಡಿದ ಗಾಯವನ್ನು ಹೊಸ ತೊಗಟೆ ಸುತ್ತಲಿಂದ ಮುಚ್ಚುತ್ತ ಬಂದಿದೆ. ನಬೋರ್ ಟೋಪಿ ತಿರುಗಿಸುತ್ತ ನಿಂತಿದ್ದ. "ಬೊಡ್ಡೇನೂ ಅಗೆದು ತೆಗೀಬೇಕು ಅಂತಿದ್ದೆ ಅತ್ತಿಗೆ. ಇವಳು ಅದರ ಮೇಲೆ ಹತ್ತಿ ಕೂತ್ಕೊಂಡ್ಲು. 'ಅಗಿಯೋದಾದ್ರೆ ನನ್ನನ್ನೂ ಸೇರಿಸಿ ಅಗಿ' ಅಂದ್ಲು. ಎರಡು ದಿನ ರೊಟ್ಟಿ ತಟ್ಟಲಿಲ್ಲ."

ನಾನು ಹಂದಿಕೊಬ್ಬಿನ ಡಬ್ಬಿ ಕೊಂಡುಹೋಗಿದ್ದೆ. ಅವಳ ಎದೆಗೆ ಹಚ್ಚಿದೆ. ಕೊಬ್ಬು ಮನೆಯಲ್ಲಿ ಹೇಗೂ ಹೆಚ್ಚಾಗಿ ಬಿದ್ದಿತ್ತು.

ಮೇ 3, ಭಾನುವಾರ, ಪವಿತ್ರ ಶಿಲುಬೆ ಹಬ್ಬ

ಗೆದ್ದೆವು! ಗೆದ್ದೆವು! ಗೆದ್ದೆವು!

ಕಾರ್ಯದರ್ಶಿ ಲಾರಿಯಲ್ಲಿ ಫಲಕ ಹೇರಿಕೊಂಡೇ ಬಂದ. ಚೌಕದಲ್ಲಿ ಒಣಗಿ ನಿಂತ ಗಿಡ ಕಂಡು ಅವನ ಮುಖ ಅರಳಿತು. ಒದಿಲೋನ್ ಒಂದು ಮಾತೂ ಆಡದೆ ಅವನನ್ನು ಮೂಲೆಮನೆಗೆ ಕರೆತಂದ. ಹಿಂದೆ ಇಡೀ ಊರು, ಹೂ ಮುಡಿಸಿದ ಶಿಲುಬೆ, ತುತ್ತೂರಿ, ಪಟಾಕಿ. ಹಿತ್ತಿಲಿನಲ್ಲಿ ಮರ ನೋಡಿ ಅವನು ಬೆಪ್ಪಾಗಿ ನಿಂತ. ಆಮೇಲೆ ಬುಡ ನೋಡಿ ಹುಬ್ಬು ಗಂಟಿಕ್ಕಿದ.

"ಇದು ಕಡಿದ ಮರ. ಸತ್ತ ಮರದ ಲೆಕ್ಕಕ್ಕೇ ಸೇರತ್ತೆ."

ನನ್ನ ನಾಲಗೆ ತುದಿಗೆ ಬಂದಿತ್ತು. ಆದರೆ ನಬೋರ್ ಮುಂದೆ ಬಂದ. "ಕಡಿದೋನು ನಾನು ಸ್ವಾಮಿ. ಕೊಡಲಿ ಹಾಕಿದ್ದು ಈ ಕೈ. ಸತ್ತಿಲ್ಲ ಅಂತ ಹೇಳೋಕೆ ನನಗಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರ್ತೀರಿ?"

ಜನ ಹೋ ಎಂದು ಕೂಗಿದರು. ಕಾರ್ಯದರ್ಶಿ ಸೋಲಲು ಮನಸ್ಸಿಲ್ಲದೆ, "ಎಷ್ಟು ವಯಸ್ಸು ಇದಕ್ಕೆ?" ಎಂದ.

"ಕೊಂಬೇದು ಹೇಳಲೋ, ಬೇರಿಂದು ಹೇಳಲೋ?" ಎಂದಳು ಡೆಲ್ಫಿ. ಅಷ್ಟು ಹೇಳಿ ಒಂದು ಕಾಯಿ ಬಿಡಿಸಿ ಅವನ ಕೈಗಿಟ್ಟಳು. ಅವನು ಗಬಕ್ಕನೆ ಬಾಯಿಗೆ ಹಾಕಿಕೊಂಡ, ಅಗಿದ, ಗಂಟಲು ಹಿಡಿದು ಕೆಮ್ಮತೊಡಗಿದ. ಕಣ್ಣಲ್ಲಿ ನೀರು. ಚೋನಾ ಬೆನ್ನು ತಟ್ಟಿ ನೀರು ಕೊಟ್ಟಳು. "ಸುಣ್ಣದ ನೀರಲ್ಲ, ಹೆದರ್ಬೇಡಿ" ಎಂದಳು. ಕೆಮ್ಮು ನಿಂತ ಮೇಲೆ ಅವನು ಇನ್ನೊಂದು ಕಾಯಿಗೆ ಕೈ ಚಾಚಿದ. ಆಗಲೇ ನನಗೆ ಗೆದ್ದೆವೆಂದು ಗೊತ್ತಾಯಿತು.

ಫಲಕವನ್ನು ವಾಪಸ್ಸು ಹೊತ್ತುಕೊಂಡು ಹೋಗಲಿಲ್ಲ. ಒಳ್ಳೆಯ ತಗಡು, ನಮಗೇ ಇರಲಿ ಎಂದು ಒದಿಲೋನ್ ಕೇಳಿಕೊಂಡ. ತಿರುಗಿಸಿ, ಹಿಂಬದಿಗೆ ಬಿಳಿ ಬಣ್ಣ ಬಳಿದು, ಹಸಿರಿನಲ್ಲಿ 'ಎಲ್ ಗುವಾಮುಚಿಲ್' ಎಂದು ಬರೆದಾಯಿತು. ಸಾಯಂಕಾಲದ ಬಸ್ಸು ಬಂದಾಗ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಎಂದಿಗಿಂತ ಗಟ್ಟಿಯಾಗಿ ಕೂಗಿದ. ಇಳಿಯುವವರು ಒಬ್ಬರೂ ಇರಲಿಲ್ಲ, ಸುಮ್ಮನೆ ಕೂಗಿದ.

ಮೇ 6, ಬುಧವಾರ

ಚೌಕದ ಸತ್ತ ಗಿಡ ಕಿತ್ತು, ಸುಣ್ಣದ ಮಣ್ಣು ತೆಗೆಸಿ ಹೊಸ ಮಣ್ಣು ತುಂಬಿಸಿ, ನಮ್ಮ ಮರದ ಬೀಜ ಹಾಕಿದೆವು. ನೀರು ಹಾಕುವ ಹಕ್ಕು ಒಬ್ಬರಿಗೆ ಮಾತ್ರ ಎಂದು ಮೈಕಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಯಾರಿಗೆ ಎಂಬ ಬಗ್ಗೆ ನಮ್ಮಿಬ್ಬರಿಗೂ ಜಗಳ ನಡೆಯುತ್ತಿದೆ. ಮತ್ತೆ ಇವತ್ತು ಗಿರಣಿಯಲ್ಲಿ ಚೋನಾ ಹೇಳಿದ್ದು ಕೇಳಿದರೆ... ಇರಲಿ, ಡೆಲ್ಫಿ ಕಿಟಕಿಯ ಕೆಳಗೆ ನಿಂತು ಕೂಗುತ್ತಿದ್ದಾಳೆ. ಅವಳಿಗೇ ಹೇಳುತ್ತೇನೆ.